ಬಲದಿಂದ ಎಣಿಸಿದ ಕಾಲುಗಳು

ಕಾಗದನಗರ, ಭದ್ರಾವತಿ
9 ಜೂನ್ 2024

ವಸಂತಕ್ಕನವರಿಗೆ ಪುಷ್ಪಾಳ ನಮಸ್ಕಾರಗಳು.

ಬರಹ ನೋಡಿದ ಕೂಡಲೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೆ ಹಾಕಿ, ಆದರೆ ಲಕೋಟೆಯೊಳಗಿರುವ ಮದುವೆ ಕಾರ್ಡಿನ ತುಂಡುಗಳನ್ನು ಹರಿಯಬೇಡಿ. ಅವುಗಳ ನಡುವೆ ಟೇಪು ಹಚ್ಚಿ ಮೂರು ಚಿಪ್ ಇಟ್ಟಿದ್ದೇನೆ.

ನಿನ್ನ ದನಿ ಇನ್ನೊಂದು ಸಲ ನನ್ನ ಕಿವಿಗೆ ಬೀಳಬಾರದು ಎಂದು ಕಾರ್ಖಾನೆಯ ಗೇಟಿನಲ್ಲಿ ಹೇಳಿ ಹೋದಿರಿ. ಒಂದು ವರ್ಷ ಮೂರು ತಿಂಗಳು ಬೀಳದ ಹಾಗೆ ನೋಡಿಕೊಂಡಿದ್ದೇನೆ. ಫೋನು ಮಾಡಲಿಲ್ಲ. ಕಾಗದ ಬರೆದರೆ ನಿಮ್ಮ ಮಾತು ಮೀರಿದ ಹಾಗಾಗುವುದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ನಮ್ಮ ಮನೆಯವರು ಪೇಪರ್ ಮಿಲ್ಲಿನಲ್ಲಿದ್ದಾಗಿನ ಕಾಗದ ಇನ್ನೂ ಅಟ್ಟದ ಮೇಲಿದೆ, ಅದೂ ಖರ್ಚಾಗಲಿ.

ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಮಾಚೇನಹಳ್ಳಿಯ ಆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಮೇಜಿಗೆ ಕೂತೆವು. ನಾನು ಬೋರ್ಡಿಗೆ ಪಾರ್ಟು ಚುಚ್ಚಿ ಕೊಡುವವಳು, ನೀವು ಬೋರ್ಡು ಮಗುಚಿ ಬೆಸುಗೆ ಹಾಕುವವರು. ಕೊನೆಯ ವರ್ಷ, ಕೂರಿಸುವುದನ್ನೂ ಬೆಸೆಯುವುದನ್ನೂ ನೀವೊಬ್ಬರೇ ಮಾಡಬೇಕಾದ ಆ ಹೊಸ ಸಣ್ಣ ಚಿಪ್‌ಗಳು ಬಂದಮೇಲೆ ನಿಮ್ಮ ಕೈಯಿಂದ ತಪ್ಪು ಬೋರ್ಡುಗಳು ಬರತೊಡಗಿದವು. ನಿಮ್ಮ ಕಣ್ಣು ಮಂಜಾಗಿದೆ ಎಂದು ಸೂಪರ್‌ವೈಸರ್ ಶಿವರಾಜ್ ಅವರಿಗೆ ಹೇಳಿದವಳು ನಾನೇ. ಮರುವಾರ ನಿಮ್ಮನ್ನು ಮನೆಗೆ ಕಳಿಸಿದರು.

ಈಗ ಬರೆಯಲು ಕಾರಣ ಬೇರೆ. ಮೇ ತಿಂಗಳಲ್ಲಿ ಬಚ್ಚಲಲ್ಲಿ ಜಾರಿ ಬಿದ್ದೆ. ಏಳಲಾಗಲಿಲ್ಲ. ಗೋಡೆಯಾಚೆ ನಮ್ಮ ಮನೆಯವರು ಕೂತಿದ್ದರು. ಮೂವತ್ತು ವರ್ಷ ಮಿಷನ್ನಿನ ಸದ್ದಿನಲ್ಲಿ ನಿಂತು ಮಂದವಾದ ಕಿವಿ, ನಿಮಗೆ ಗೊತ್ತಲ್ಲ. ಮುಕ್ಕಾಲು ಗಂಟೆ ಕೂಗಿದೆ. ಕೊನೆಗೆ ಅವರು ಕಾಫಿ ಕೇಳಲು ಎದ್ದು ಬಂದಾಗ ನನ್ನನ್ನು ಕಂಡರು. ಅವತ್ತಿನಿಂದ ಅವರು ನನ್ನನ್ನು ಬಚ್ಚಲಿಗೆ ಕಳಿಸಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅದನ್ನು ನೋಡಲು ನನಗೆ ಆಗುವುದಿಲ್ಲ.

ಅದಕ್ಕೇ ಅವರ ಮಣಿಕಟ್ಟಿಗೆ ಒಂದು ಸಾಮಾನು ಮಾಡಲು ಹೊರಟಿದ್ದೇನೆ. ಹತ್ತಿರದಲ್ಲಿ ಜೋರು ಸದ್ದಾದರೆ ಅದರೊಳಗಿನ ಪುಟ್ಟ ಮೋಟಾರು ಅಲುಗಿ ಕೈಗೆ ಗೊತ್ತಾಗಬೇಕು. ದೊಡ್ಡ ಚಿಪ್ ಹಾಕಿ ಮಾಡಿದ್ದು ಕೆಲಸ ಮಾಡುತ್ತದೆ, ಆದರೆ ಟಿಫನ್ ಡಬ್ಬಿಯಷ್ಟಿದೆ. ಅದನ್ನು ಕೈಗೆ ಕಟ್ಟಿಕೊಂಡು ಯಾರು ಓಡಾಡುತ್ತಾರೆ. ಅದೇ ಚಿಪ್ ಎಳ್ಳುಕಾಳಿನಷ್ಟು ಸಣ್ಣದೂ ಸಿಗುತ್ತದೆ, ಅದಕ್ಕೂ ತಂತಿ ಬೆಸೆಯಲು ಎಂಟು ಕಾಲು. ಬೆಂಗಳೂರಿನಿಂದ ಐದು ತರಿಸಿದೆ. ಎರಡನ್ನು ಸುಟ್ಟು ಹಾಕಿದೆ. ಹೊಸ ಸರಕು ಬರುವುದು ಮುಂದಿನ ವರ್ಷವಂತೆ. ಅಷ್ಟು ಸಣ್ಣ ಬೆಸುಗೆ ಹಾಕಬಲ್ಲ ಕೈ ನನಗೆ ಗೊತ್ತಿರುವುದು ಒಂದೇ.

ಇಷ್ಟೇ.

ಪುಷ್ಪಾ


ನವುಲೆ, ಶಿವಮೊಗ್ಗ
22 ಜೂನ್ 2024

ಪುಷ್ಪಾ,

ಹತ್ತೊಂಬತ್ತು ವರ್ಷ ಬಾಯಿ ತುಂಬ ‘ನೀನು’ ಎಂದು ಕರೆದು, ನನ್ನ ಬುತ್ತಿಯ ಉಪ್ಪಿನಕಾಯಿಯನ್ನು ಕೇಳದೆ ತೆಗೆದು ತಿಂದವಳು ಈಗ ‘ನೀವು, ನೀವು’ ಎಂದು ಬರೆದರೆ ಮೈಯೆಲ್ಲ ಉರಿಯುತ್ತದೆ. ಬೈಸಿಕೊಳ್ಳುವುದಿದ್ದರೆ ಮೊದಲಿನ ಹಾಗೇ ಬೈಸಿಕೋ.

ಕಣ್ಣು ಮಂಜಾದವಳಿಗೆ ಎಳ್ಳುಕಾಳು ಕಳಿಸುತ್ತೀಯಲ್ಲ, ನಾಚಿಕೆಯಾಗಬೇಕು. ನನ್ನ ಬೆಸುಗೆಯ ಐರನ್ನಿಗೆ ಬಟ್ಟೆ ಸುತ್ತಿ ಮಂಚದ ಕೆಳಗೆ ನೂಕಿ ವರ್ಷದ ಮೇಲಾಯಿತು. ಈ ಮನೆಯಲ್ಲಿ ಈಗ ನನಗೆ ಅಕ್ಕಿ ಆರಿಸಲೂ ಕೊಡುವುದಿಲ್ಲ. ಮೊರ ಎಳೆದುಕೊಂಡರೆ ಸೊಸೆ ಸುಮನಾ ಓಡಿ ಬರುತ್ತಾಳೆ. ‘ಬಿಡಿ ಅತ್ತೆ, ಕಲ್ಲು ಉಳ್ಕೊಂಡ್ರೆ ಕಷ್ಟ, ನಾನೇ ಆರಿಸ್ತೀನಿ’ ಅಂತಾಳೆ. ಒಳ್ಳೆಯ ಹುಡುಗಿ, ಮೆತ್ತಗೇ ಹೇಳುತ್ತಾಳೆ. ಮೆತ್ತಗೆ ಹೇಳುವುದೇ ನನಗೆ ಹೆಚ್ಚು ಚುಚ್ಚುವುದು. ಕಾರ್ಖಾನೆಯಲ್ಲಿ ನೀನು ಹೇಳಿದ ಒಂದು ಮಾತು ನನ್ನ ಮನೆಯ ಮೊರದವರೆಗೂ ಬಂದಿದೆ.

ಬಿದ್ದೆ ಎಂದು ಬರೆದವಳು ಮೂಳೆ ಮುರಿಯಿತೋ ಇಲ್ಲವೋ ಬರೆಯಲಿಲ್ಲ. ಅರ್ಧ ಮಾತು ಹೇಳುವ ಚಾಳಿ ಇನ್ನೂ ಬಿಟ್ಟಿಲ್ಲ ನೀನು.

ಚಿಪ್‌ಗಳನ್ನು ಈ ಲಕೋಟೆಯಲ್ಲೇ ಹಿಂದಕ್ಕೆ ಕಳಿಸಬೇಕೆಂದಿದ್ದೆ. ಗೋಂದು ಹಚ್ಚಿ ಅಂಟಿಸಿದ ಮೇಲೆ ನೆನಪಾಯಿತು. ಮತ್ತೆ ಬಿಚ್ಚಲು ಬೇಜಾರು.

ವಸಂತಮ್ಮ


ಕಾಗದನಗರ
1 ಜುಲೈ 2024

ವಸಂತಕ್ಕ,

ಮೂಳೆ ಮುರಿದಿಲ್ಲ. ಸೊಂಟ ಹಿಡಿದಿದೆ, ಆದರೂ ಕೆಲಸಕ್ಕೆ ಹೋಗುತ್ತಿದ್ದೇನೆ.

ಈ ಪೊಟ್ಟಣದಲ್ಲಿ ಮೈಕು, ಮೋಟಾರು, ಉಳಿದ ಪಾರ್ಟುಗಳು ಇವೆ. ನಕ್ಷೆಯೂ ಇದೆ. ಎಂಟು ಕಾಲಿಗೂ ನಂಬರು ಹಾಕಿ, ಯಾವುದಕ್ಕೆ ಯಾವ ತಂತಿ ಎಂದು ಬರೆದಿದ್ದೇನೆ. ನೀನು ಮಾಡಲೇಬೇಕು ಎಂದಲ್ಲ. ಚಿಪ್ ನವುಲೆಯಲ್ಲಿರುವಾಗ ನಕ್ಷೆ ಭದ್ರಾವತಿಯಲ್ಲಿದ್ದು ಏನು ಪ್ರಯೋಜನ, ಅದಕ್ಕೆ.

ನಿನ್ನ ಉಪ್ಪಿನಕಾಯಿಯಲ್ಲಿ ಉಪ್ಪು ಯಾವಾಗಲೂ ಜಾಸ್ತಿಯೇ ಇರುತ್ತಿತ್ತು.

ಪುಷ್ಪಾ


ನವುಲೆ
28 ಜುಲೈ 2024

ಪುಷ್ಪಾ,

ಉಪ್ಪಿನ ವಿಷಯ ಆಮೇಲೆ ನೋಡಿಕೊಳ್ಳುತ್ತೇನೆ.

ಐರನ್ ಹೊರಗೆ ತೆಗೆದೆ. ತುದಿ ಕರಿ ಹಿಡಿದಿತ್ತು, ಉಜ್ಜಿ ಬೆಳ್ಳಗೆ ಮಾಡಿದೆ. ಗಾಂಧಿ ಬಜಾರಿನಿಂದ ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ತರಿಸಿದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಪಡಸಾಲೆಯ ಕಿಟಕಿಯಲ್ಲಿ ಒಳ್ಳೆಯ ಬೆಳಕು, ಅಲ್ಲಿ ಮೇಜು ಹಾಕಿಕೊಂಡು ಕೂತೆ. ಮೊದಲನೆಯ ಚಿಪ್ ಚಿಮಟದಿಂದ ಜಿಗಿದು ಎಲ್ಲೋ ಹೋಯಿತು. ನಾನು ಮಂಡಿಯೂರಿ ಹುಡುಕುತ್ತಿದ್ದಾಗ ಸುಮನಾ ಬಂದು, ‘ಏನ್ ಬಿದ್ದೋಯ್ತು ಅತ್ತೆ, ಓಲೆ ತಿರುಪಾ?’ ಎಂದು ಕೇಳಿದಳು. ಅಷ್ಟು ಹೊತ್ತಿಗೆ ಅವಳು ಪಡಸಾಲೆ ಗುಡಿಸಿ ಕಸ ಹೊರಗೆ ಹಾಕಿ ಆಗಿತ್ತು.

ಎರಡನೆಯದನ್ನು ನೀನು ಕಳಿಸಿದ ಮದುವೆ ಕಾರ್ಡಿನ ತುಂಡಿನ ಮೇಲೆ ಕೂರಿಸಿದೆ. ಹಳೆಯ ರಿಲೇ ಸ್ವಿಚ್ಚಿನ ತಾಮ್ರದ ಸುರುಳಿಯಿಂದ ಕೂದಲೆಳೆಯಂಥ ತಂತಿ ಬಿಚ್ಚಿ, ತುದಿಯ ಬಣ್ಣ ಕೆರೆದು, ಒಂದೊಂದು ಕಾಲಿಗೂ ಒಂದೊಂದು ಎಳೆ ಬೆಸೆದೆ. ನಾಲ್ಕು ದಿನ ಹಿಡಿಯಿತು. ಸುಳ್ಳು ಯಾಕೆ ಹೇಳಲಿ, ಆ ನಾಲ್ಕು ದಿನ ನಾನು ಬಹಳ ಸುಖವಾಗಿದ್ದೆ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕೈ ಒಂದು ಚೂರೂ ನಡುಗಲಿಲ್ಲ, ಒಂದು ಬೆಸುಗೆ ಇನ್ನೊಂದಕ್ಕೆ ತಾಗಲಿಲ್ಲ.

ಬ್ಯಾಟರಿ ಕೊಟ್ಟೆ. ಮೋಟಾರು ಅಲುಗಲಿಲ್ಲ. ಚಿಪ್ ಮುಟ್ಟಿದರೆ ಬೆರಳು ಚುರ್ ಎಂದಿತು. ಸುಟ್ಟ ವಾಸನೆ.

ಅಲ್ಲಿಗೆ ನೀನು ಶಿವರಾಜ್‌ಗೆ ಹೇಳಿದ್ದು ನಿಜ ಎಂದಾಯಿತು. ಇಷ್ಟು ದಿನ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡದ್ದರಿಂದ ನಾನು ಚೆನ್ನಾಗಿದ್ದೆ. ಸುಳ್ಳು ಹೇಳಿದಳು ಎಂದು ಬೈದುಕೊಂಡು ದಿನ ಕಳೆಯುತ್ತಿತ್ತು. ಈಗ ಅದೂ ಇಲ್ಲ. ಸುಟ್ಟದ್ದನ್ನೂ ಉಳಿದ ಒಂದನ್ನೂ ಕಳಿಸಿದ್ದೇನೆ. ಕಣ್ಣಿರುವವರು ಯಾರಾದರೂ ಸಿಕ್ಕರೆ ಮಾಡಿಸು. ನನ್ನ ಕೈ ಮುಗಿಯಿತು.

ವಸಂತಮ್ಮ


ಕಾಗದನಗರ
11 ಆಗಸ್ಟ್ 2024

ವಸಂತಕ್ಕ,

ಕೂತು ಓದು. ನಿಂತು ಓದಬೇಡ.

ನೀನು ಕಳಿಸಿದ್ದನ್ನು ಕಾರ್ಖಾನೆಗೆ ತೆಗೆದುಕೊಂಡು ಹೋಗಿ ಊಟದ ಬಿಡುವಿನಲ್ಲಿ ದೊಡ್ಡ ಮಸೂರದ ಕೆಳಗೆ ಇಟ್ಟೆ. ಎಂಟು ಬೆಸುಗೆಯೂ ಮಿನುಗುತ್ತಿದ್ದವು. ಅಂಥ ಬೆಸುಗೆ ನಮ್ಮ ಮಿಷನ್ನೂ ಹಾಕುವುದಿಲ್ಲ. ತಪ್ಪು ಬೆಸುಗೆಯಲ್ಲಿಲ್ಲ. ಎಡಗಡೆಯ ನಾಲ್ಕು ಕಾಲಿಗೆ ಹೋಗಬೇಕಾದ ತಂತಿಗಳು ಬಲಗಡೆಗೆ ಹೋಗಿವೆ, ಬಲದವು ಎಡಕ್ಕೆ. ಒಂದೂ ಬಿಡದೆ, ಸಾಲಾಗಿ. ಕಣ್ಣು ಕಾಣದವಳು ಒಂದು ಸಲ ಹೀಗೆ ತಪ್ಪುತ್ತಾಳೆ, ಒಂದು ಸಲ ಹಾಗೆ ತಪ್ಪುತ್ತಾಳೆ. ಇಷ್ಟು ಅಚ್ಚುಕಟ್ಟಾಗಿ ತಪ್ಪಲು ಅವಳಿಗೆ ಆಗುವುದಿಲ್ಲ.

ಬುತ್ತಿ ತೆರೆಯದೆ ಹಾಗೇ ಎತ್ತಿಟ್ಟೆ. ಯಾಕೆಂದರೆ ನಿನ್ನ ಕೊನೆಯ ವರ್ಷದ ತಪ್ಪು ಬೋರ್ಡುಗಳೆಲ್ಲ ನೆನಪಾದವು. ಅವೂ ಒಂದೇ ಥರ ತಪ್ಪಿದ್ದವು. ಚಿಪ್ಪಿನ ಮೇಲೆ ಒಂದನೇ ಕಾಲು ತೋರಿಸುವ ಚುಕ್ಕಿ ಇರುತ್ತದಲ್ಲ, ಅದು ಎಡಕ್ಕೆ ಬರಬೇಕಾದಲ್ಲಿ ನೀನು ಬಲಕ್ಕೆ ತಿರುಗಿಸಿ ಕೂರಿಸಿರುತ್ತಿದ್ದೆ.

ನೀನೇ ಯೋಚಿಸು. ಹಳೆಯ ಚಿಪ್ ಬೋರ್ಡಿನ ಮೇಲೆ ಕೂರುತ್ತದೆ, ಕಾಲು ತೂತಿನಿಂದ ಕೆಳಗೆ ಇಳಿಯುತ್ತದೆ. ನಾನು ಮೇಲಿನಿಂದ ನೋಡಿ ಚುಚ್ಚುತ್ತಿದ್ದೆ. ನೀನು ಬೋರ್ಡು ಮಗುಚಿ ಹಿಂದಿನಿಂದ ಬೆಸೆಯುತ್ತಿದ್ದೆ. ಹಿಂದಿನಿಂದ ನೋಡಿದರೆ ಎಡದ ಕಾಲು ಬಲಕ್ಕೆ ಕಾಣುತ್ತದೆ. ಹತ್ತೊಂಬತ್ತು ವರ್ಷ ನೀನು ಒಂದನೇ ಕಾಲನ್ನು ಬಲದಿಂದಲೇ ಎಣಿಸಿದವಳು. ಈ ಹೊಸ ಚಿಪ್ಪಿಗೆ ತೂತಿಲ್ಲ, ಬೋರ್ಡು ಮಗುಚುವ ಕೆಲಸವೇ ಇಲ್ಲ. ಚಿಪ್ ಕೂತ ಬದಿಯಲ್ಲೇ ಬೆಸುಗೆ. ಎಡದ ಕಾಲು ಎಡಕ್ಕೇ ಇರುತ್ತದೆ. ಅದನ್ನು ನಿನಗೆ ಯಾರೂ ಹೇಳಿಕೊಡಲಿಲ್ಲ. ನಿನ್ನ ಕಣ್ಣಲ್ಲ ವಸಂತಕ್ಕ, ನಿನ್ನ ಕೈಯ ರೂಢಿ.

ಇನ್ನೊಂದು ಅರ್ಧ ಮಾತು ಉಳಿದಿದೆ, ಅದನ್ನೂ ಬರೆದುಬಿಡುತ್ತೇನೆ. ಶಿವರಾಜ್‌ಗೆ ಹೇಳುವ ಮೊದಲು ಎಂಟು ತಿಂಗಳು ನಿನ್ನ ತಪ್ಪು ಚಿಪ್‌ಗಳನ್ನು ನಾನೇ ಗುಟ್ಟಾಗಿ ಕಿತ್ತು ತಿರುಗಿಸಿ ಕೂರಿಸುತ್ತಿದ್ದೆ. ನಿನಗೆ ಅವಮಾನವಾಗುತ್ತದೆ ಎಂದು ನಿನ್ನ ಹತ್ತಿರ ಹೇಳಲಿಲ್ಲ. ಒಂದೇ ಒಂದು ಬೋರ್ಡು ನಿನ್ನ ಮುಂದಿಟ್ಟು ‘ನೋಡೇ ವಸಂತಕ್ಕ, ಉಲ್ಟಾ ಹಾಕಿದೀಯ’ ಎಂದಿದ್ದರೆ ಅವತ್ತೇ ಸರಿಹೋಗುತ್ತಿತ್ತು.

ನಿನ್ನೆ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಎದ್ದು ನಿಂತು ಇದನ್ನೆಲ್ಲ ಹೇಳಿದೆ. ಶಿವರಾಜ್ ಅವರೂ ಇದ್ದರು. 

ಕೊನೆಯ ಚಿಪ್ ಹಿಂದಕ್ಕೆ ಕಳಿಸಿದ್ದೇನೆ. ಬೇರೆಯವರಿಗೆ ಕೊಡುವುದಿಲ್ಲ.

ಪುಷ್ಪಾ


ನವುಲೆ
30 ಆಗಸ್ಟ್ 2024

ಪುಷ್ಪಾ,

ಎಂಟು ತಿಂಗಳು.

ನನ್ನ ಪಕ್ಕದಲ್ಲೇ ಕೂತು, ನನ್ನ ಬುತ್ತಿಯಲ್ಲೇ ಕೈ ಹಾಕಿಕೊಂಡು, ಎಂಟು ತಿಂಗಳು. ಅವಮಾನವಾಗುತ್ತದೆ ಎಂದು ಹೇಳಲಿಲ್ಲವಂತೆ. ನನ್ನನ್ನು ಗೇಟಿನಿಂದ ಆಚೆ ಕಳಿಸಿದಾಗ ಏನು ಸನ್ಮಾನವಾಯಿತೋ. ನಿನ್ನ ಕಾಗದವನ್ನು ಎರಡು ದಿನ ಮತ್ತೆ ಮತ್ತೆ ತೆಗೆದು ಓದಿ ಬೈದೆ. ಇಷ್ಟು ಸಿಟ್ಟು ನನಗೆ ಆ ಗೇಟಿನಲ್ಲೂ ಬಂದಿರಲಿಲ್ಲ.

ಮೂರನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಹೌದು, ಇಷ್ಟು ದಿನ ಹೋಗಿರಲಿಲ್ಲ. ಮಂಜು ಎಂದು ಅವರೂ ಹೇಳಿಬಿಟ್ಟರೆ ಎಂಬ ಹೆದರಿಕೆ. ಡಾಕ್ಟರಮ್ಮ ಎರಡೂ ಕಣ್ಣಿಗೆ ಔಷಧಿ ಬಿಟ್ಟು, ಲೈಟು ಹಾಕಿ ನೋಡಿ, ‘ಪೊರೆ ಗಿರೆ ಏನೂ ಇಲ್ಲಮ್ಮ, ಓದೋ ಕನ್ನಡಕದ ನಂಬರ್ ಒಂಚೂರು ಏರಿದೆ ಅಷ್ಟೇ. ಯಾರ್ ಹೇಳಿದ್ರು ನಿಮ್ಗೆ?’ ಎಂದರು. ನನ್ನ ಗೆಳತಿ ಹೇಳಿದಳು ಎಂದೆ.

ಕಾಗದ ಮುಗಿಸಿದೆ.

ವಸಂತಮ್ಮ


ಕಾಗದನಗರ
14 ಸೆಪ್ಟೆಂಬರ್ 2024

ವಸಂತಕ್ಕ,

ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಕ್ಷಮಿಸು ಎಂದು ಬರೆದರೆ ಸಣ್ಣದಾಗುತ್ತದೆ. ಬರೆಯದಿದ್ದರೂ ಆಗುವುದಿಲ್ಲ. ಕ್ಷಮಿಸು.

ಗೆಳತಿ ಎಂದೆಯಂತೆ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಪುಷ್ಪಾ


ನವುಲೆ
13 ಅಕ್ಟೋಬರ್ 2024

ಪುಷ್ಪಾ ಮಾರಾಯ್ತಿ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಅವರ ಮುದ್ರೆಯ ಏಟಿಗೆ ಒಡ್ಡುವಂಥ ಸಾಮಾನಲ್ಲ. ಭದ್ರಾವತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ‘ತೊಡೆ ಮೇಲೆ ಇಟ್ಕೊಂಡ್ ಹೋಗಪ್ಪ, ಕೆಳಗಿಟ್ರೆ ನೋಡು’ ಎಂದು ಹೇಳಿ ಕಳಿಸಿದ್ದೇನೆ. ಕುಂಕುಮದ ಡಬ್ಬಿಯೊಳಗೆ ಹತ್ತಿಯ ನಡುವೆ ಇದೆ.

ಮೊದಲಿನಿಂದ ಹೇಳುತ್ತೇನೆ, ಅವಸರ ಮಾಡಬೇಡ.

ತಪ್ಪು ಗೊತ್ತಾದರೆ ತಿದ್ದಿಕೊಳ್ಳುವುದು ಸುಲಭ ಎಂದುಕೊಂಡಿದ್ದೆ. ಕಾಗದದ ಮೇಲೆ ಚಿಪ್ ಬರೆದು, ಎಡದಿಂದ ಒಂದು, ಎರಡು ಎಂದು ದಿನಾ ಅಭ್ಯಾಸ ಮಾಡಿದೆ. ಎಣಿಸುವಾಗ ಸರಿಯಿರುತ್ತದೆ. ಐರನ್ ಹಿಡಿದು ಬೆಸುಗೆಯ ಕಡೆ ಗಮನ ಹೋಯಿತೋ, ಕೈ ತನ್ನ ಪಾಡಿಗೆ ಬಲದಿಂದ ಶುರು ಮಾಡುತ್ತದೆ. ಒಂದು ವಾರ ಹೀಗೇ. ಚಿಪ್ ಇರುವುದು ಒಂದು. ನನಗೆ ಅಳು ಬರುವ ಹಾಗಾಯಿತು.

ಒಂದು ಬೆಳಿಗ್ಗೆ ಕಿಟಕಿಯ ಹತ್ತಿರ ಕೂತಿದ್ದೆ. ಮೂಲೆಯಲ್ಲಿ ಒಂದು ಜಿರಳೆ ಸತ್ತು ಬಿದ್ದಿತ್ತು, ಬೆನ್ನು ಕೆಳಗೆ, ಕಾಲು ಮೇಲೆ. ಸುಮನಾಳನ್ನು ಕರೆದು ಗುಡಿಸು ಎನ್ನಬೇಕೆಂದು ಬಾಯಿ ತೆರೆದವಳು ಅಲ್ಲಿಗೇ ತಡೆದೆ. ಇಷ್ಟು ದಿನ ಕೈಯನ್ನು ತಿದ್ದಲು ಒದ್ದಾಡುತ್ತಿದ್ದೆನಲ್ಲ, ಕೈಯನ್ನು ಯಾಕೆ ತಿದ್ದಬೇಕು? ಚಿಪ್ಪನ್ನೇ ಅಂಗಾತ ಮಲಗಿಸಿದರೆ? ಕಾಲು ಮೇಲೆ ಬರುತ್ತದೆ. ಆಗ ನಾನು ನೋಡುವುದು ಅದರ ಹೊಟ್ಟೆಯ ಕಡೆಯಿಂದ, ಅಂದರೆ ಹಿಂದಿನಿಂದ. ಒಂದನೇ ಕಾಲು ಬಲಕ್ಕೆ ಬರುತ್ತದೆ, ಹತ್ತೊಂಬತ್ತು ವರ್ಷ ಇದ್ದಲ್ಲೇ.

ಮಲಗಿಸಿದ ಮೇಲೆ ಚುಕ್ಕಿ ಕಾಣುವುದಿಲ್ಲವಲ್ಲ, ಅದಕ್ಕೆ ಒಂದನೇ ಕಾಲು ಬರುವ ಕಡೆ ಕಾರ್ಡಿನ ಮೇಲೆ ಮೊದಲೇ ಕುಂಕುಮ ಇಟ್ಟೆ. ಚಿಪ್ಪಿನ ಬೆನ್ನಿಗೆ ಸೂಜಿತುದಿಯಷ್ಟು ಫೆವಿಕ್ವಿಕ್ ಹಚ್ಚಿ ಅಂಗಾತ ಅಂಟಿಸಿದೆ. ಸುಮನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಕ್ಷೆ ಓದಲು ಹೇಳಿದೆ. ಅವಳು ‘ಒಂದು, ಮೋಟಾರ್ ಕಡೆಗೆ’ ಅಂದಳು, ಕೈ ಬಲಕ್ಕೆ ಹೋಯಿತು. ‘ಎರಡು’ ಅಂದಳು, ಅದರ ಕೆಳಗೆ ಹೋಯಿತು. ನಾನು ಏನನ್ನೂ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಐದು ದಿನ ಬೇಕು ಎಂದುಕೊಂಡದ್ದು ಎರಡು ಬೆಳಗಿನಲ್ಲಿ ಮುಗಿಯಿತು.

ಬ್ಯಾಟರಿ ಸಿಕ್ಕಿಸಿದೆ. ಚಿಪ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಸುಮನಾಗೆ ಚಪ್ಪಾಳೆ ತಟ್ಟು ಎಂದೆ. ತಟ್ಟಿದಳು. ಮೇಜಿನ ಮೇಲಿದ್ದ ಮೋಟಾರು ಗುರ್ ಎಂದು ತಿರುಗಿ ಸರಿದು ನನ್ನ ಲೋಟಕ್ಕೆ ಬಡಿಯಿತು. ಇನ್ನೊಂದು ಸಲ ತಟ್ಟಿದಳು, ಇನ್ನೊಂದು ಸಲ ಗುರ್. ಆಮೇಲೆ ಅತ್ತೆ ಸೊಸೆ ಇಬ್ಬರೂ ಸೇರಿ ಎಷ್ಟು ಸಲ ಚಪ್ಪಾಳೆ ತಟ್ಟಿದೆವೆಂದರೆ ಪಕ್ಕದ ಮನೆಯವರು ಭಜನೆಯೇನೋ ಎಂದು ಇಣುಕಿದರು.

ಅವತ್ತು ಮಧ್ಯಾಹ್ನ ಸುಮನಾ ತಾನಾಗಿಯೇ ಅಕ್ಕಿಯ ಮೊರ ತಂದು ನನ್ನ ಮುಂದಿಟ್ಟು ಒಳಗೆ ಹೋದಳು. ನಾನು ಒಂದೊಂದೇ ಕಾಳು ನೋಡಿ ಆರಿಸಿದೆ. ಏಳು ಕಲ್ಲು ಸಿಕ್ಕಿದವು. ಅವಳು ಆರಿಸುತ್ತಿದ್ದಾಗ ಇವೆಲ್ಲ ಎಲ್ಲಿ ಹೋಗುತ್ತಿದ್ದವೋ ಏನೋ.

ಹುಷಾರಾಗಿ ತೆರೆ.

ವಸಂತಮ್ಮ


ಕಾಗದನಗರ
4 ನವೆಂಬರ್ 2024

ವಸಂತಕ್ಕ,

ಕಂಡಕ್ಟರ್ ನಿಜವಾಗಿಯೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಾನೆ. ‘ಯಾವೂರ್ ಅಜ್ಜಿ ಮಾರಾಯ್ರೆ ಅದು, ಟಿಕೆಟ್ ಹರಿಯೋಕೂ ಬಿಡ್ಲಿಲ್ಲ’ ಎಂದ. ಅಜ್ಜಿ ಎಂದದ್ದು ಅವನು, ನಾನಲ್ಲ.

ತಡವಾಗಿ ಬರೆಯುತ್ತಿದ್ದೇನೆ, ಕಾರಣವಿದೆ. ಹಳೆಯ ವಾಚಿನ ಡಬ್ಬಿಯಲ್ಲಿ ಅದನ್ನು ಕೂರಿಸಿ ನಮ್ಮ ಮನೆಯವರ ಕೈಗೆ ಕಟ್ಟಿದೆ. ಒಂದು ಸಲ ಅಲುಗಲು ಶುರುವಾದದ್ದು ನಿಲ್ಲಲೇ ಇಲ್ಲ. ಮೋಟಾರಿನ ಸದ್ದನ್ನೇ ಮೈಕು ಕೇಳಿಸಿಕೊಂಡು ಮತ್ತೆ ಮೋಟಾರು ತಿರುಗಿಸುತ್ತಿತ್ತು. ಅವರು ಕೈ ಮುಂದೆ ಚಾಚಿಕೊಂಡು ಮನೆ ತುಂಬ ಓಡಾಡಿದರು. ಮೈಕಿಗೂ ಮೋಟಾರಿಗೂ ನಡುವೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ, ಮೈಕಿನ ಬಾಯಿ ಹೊರಕ್ಕೆ ಮಾಡಿದ ಮೇಲೆ ಸರಿಹೋಯಿತು. ನಿನ್ನ ಬೆಸುಗೆಯನ್ನು ಮುಟ್ಟಲಿಲ್ಲ.

ಮರುದಿನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಅಡಿಗೆಮನೆಯಿಂದ ಅವರ ದನಿ. ‘ಏಯ್, ಕುಕ್ಕರ್ ಕೂಗ್ತಾ ಐತೆ. ಮೂರಾಯ್ತು. ನಾನೇ ಇಳಿಸಿದೀನಿ.’ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದ್ದನ್ನು ಅವರು ನನಗೆ ಹೇಳಿದ್ದು ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಒದ್ದೆ ಸೀರೆ ಹಿಡಿದುಕೊಂಡು ಅಲ್ಲೇ ನಿಂತು ಅತ್ತೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಸಲ ಬಕೆಟ್ಟು ಬಡಿದು ನೋಡಿದೆ. ಓಡಿ ಬಂದರು. ಬಾಗಿಲ ಹೊರಗಿನ ಕುರ್ಚಿಯನ್ನು ಈಗ ಒಳಗೆ ತೆಗೆದಿಟ್ಟಿದ್ದೇವೆ.

ದೀಪಾವಳಿಯ ಮೂರು ದಿನವೂ ಜಗಲಿಯಲ್ಲಿ ಕೂತರು. ಬೀದಿಯಲ್ಲಿ ಪಟಾಕಿ ಹೊಡೆದ ಹಾಗೆಲ್ಲ ಕೈ ಅಲುಗುತ್ತಿತ್ತು. ಬಿಚ್ಚಿಡಿ, ಬ್ಯಾಟರಿ ಹೋಗುತ್ತದೆ ಎಂದರೆ ಕೇಳಲಿಲ್ಲ. ‘ಇರ್ಲಿ ಬಿಡು, ನಂಗೂ ಹಬ್ಬ’ ಎಂದರು. ನಾನು ಬೈದರೂ ಅಲುಗುತ್ತದಂತೆ. ಹಾಗಂತ ಎದುರುಮನೆಯವರಿಗೆಲ್ಲ ಕೈ ತೋರಿಸಿ ಹೇಳಿಕೊಂಡು ಬಂದಿದ್ದಾರೆ.

ಶಿವರಾಜ್ ಅವರಿಗೆ ನಿನ್ನ ಅಂಗಾತ ಚಿಪ್ಪಿನ ಫೋಟೋ ತೋರಿಸಿದೆ. ತುಂಬ ಹೊತ್ತು ನೋಡಿದರು. ವಾರಕ್ಕೆ ಎರಡು ದಿನ ಬಂದು ಹೊಸಬರಿಗೆ ಕೈಬೆಸುಗೆ ಹೇಳಿಕೊಡುತ್ತೀಯಾ ಎಂದು ಕೇಳಲು ಹೇಳಿದ್ದಾರೆ. ‘ಅವತ್ತು ನಾನೂ ಒಂದ್ ಮಾತು ಅವರನ್ನೇ ಕೇಳ್ಬೇಕಿತ್ತು’ ಎಂದರು.

ನಾನಂತೂ ಕೇಳಬೇಕಿತ್ತು.

ನಿನ್ನ ಪುಷ್ಪಾ


ನವುಲೆ
11 ನವೆಂಬರ್ 2024

ಪುಷ್ಪಾ,

ಶಿವರಾಜ್‌ಗೆ ಹೇಳು, ಬೇಕಾದವರು ನವುಲೆಗೆ ಬಂದು ಕೇಳಲಿ. ಬಸ್ಸಿದೆ. ಬಂದರೆ ಕಾಫಿ ಕೊಡುತ್ತೇನೆ, ಬರುತ್ತೇನೆ ಎಂದೂ ಹೇಳುತ್ತೇನೆ. ಆದರೆ ಮೊದಲು ಅವರು ಬರಬೇಕು.

ನಿನ್ನ ಗಂಡ ಜಯಪ್ಪನವರ ಕೈಗೆ ಕಟ್ಟಿದ್ದು ಕುಕ್ಕರಿಗೆ ಅಲುಗುತ್ತದೆ, ಬಕೆಟ್ಟಿಗೆ ಅಲುಗುತ್ತದೆ, ನಿನ್ನ ಬೈಗುಳಕ್ಕೆ ಅಲುಗುತ್ತದೆ ಎಂದು ಬರೆದೆ. ಫೋನಿಗೆ ಅಲುಗುತ್ತದೋ ಇಲ್ಲವೋ ಬರೆಯಲಿಲ್ಲ. ಮತ್ತೆ ಅರ್ಧ ಮಾತು. ಅದನ್ನು ನಾನೇ ಪರೀಕ್ಷೆ ಮಾಡುತ್ತೇನೆ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನನ್ನು ಅವರ ಪಕ್ಕ ಇಟ್ಟು ನೀನು ಹಿತ್ತಲಿಗೆ ಹೋಗು. ಸದ್ದು ಕೇಳಿಸಿದರೂ ಓಡಿ ಬರಬೇಡ. ಅವರ ಕೈಗೆ ಗೊತ್ತಾಗಿ, ಅವರು ಎದ್ದು ನಿನ್ನನ್ನು ಕರೆಯುವವರೆಗೂ ಅಲ್ಲೇ ನಿಂತಿರು. ಎಷ್ಟು ಹೊತ್ತಾದರೂ ನಾನು ಇಡುವುದಿಲ್ಲ.

ಎತ್ತಿದ ಮೇಲೆ ಮೊದಲು ನೀನು ಮಾತಾಡು. ನಿನ್ನ ದನಿ ಕೇಳಬೇಕು.

ವಸಂತಕ್ಕ